ತಾರಸಿಯ ಮೇಲೆ ಸಿಕ್ಕ ಕಾಲು

ಸರ್ಕಾರಿ ನೌಕರನಿಗೆ ನಿವೃತ್ತಿಯಾದ ಮರುದಿನವೇ ಒಂದು ವಿಷಯ ಗೊತ್ತಾಗಿಬಿಡುತ್ತದೆ. ನಿನ್ನೆಯವರೆಗೆ ಜನ ಎದ್ದು ನಿಲ್ಲುತ್ತಿದ್ದದ್ದು ಕುರ್ಚಿಗೇ ಹೊರತು ಅದರಲ್ಲಿ ಕೂತಿದ್ದ ತನಗಲ್ಲ ಎಂಬುದು. ನಾನು ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು. ನಾನು ಮೆಟ್ಟಿಲು ಹತ್ತುವುದು ಕಂಡರೆ ಅಂಗಡಿಯವರು ತಕ್ಕಡಿ ಒರೆಸಲು ಶುರು ಮಾಡುತ್ತಿದ್ದರು. ಈಗ ಅದೇ ಅಂಗಡಿಗೆ ಕೈಚೀಲ ಹಿಡಿದು ಹೋದರೆ ಚಿಲ್ಲರೆ ಇಲ್ಲ ಅನ್ನುತ್ತಾರೆ. ನನಗೆ ಉಳಿದಿರುವ ಅಧಿಕಾರವೆಂದರೆ ಜಯಲಕ್ಷ್ಮಿಪುರಂನ ನಮ್ಮ ಮನೆಯ ಮೇಲಿನ ಮಹಡಿ ಒಂದೇ. ಅಲ್ಲಿ ಬಾಡಿಗೆಗೆ ಇರುವವರಿಗೆ ನಾನೇ ಇಲಾಖೆ, ನಾನೇ ಸರ್ಕಾರ. ಮೋಟಾರು ಎಷ್ಟು ಹೊತ್ತು ಓಡಬೇಕು, ಗೇಟನ್ನು ಎಷ್ಟು ಸದ್ದಾಗುವಂತೆ ಹಾಕಬೇಕು ಎಂಬುದಕ್ಕೆಲ್ಲ ನನ್ನಲ್ಲಿ ಕಾನೂನುಗಳಿವೆ. ಕೈಕಾಲು ಹಿಡಿದರೆ ಅವು ಸಡಿಲವಾಗುತ್ತವೆ. ಸಡಿಲವಾಗದ್ದು ಒಂದೇ. ಮನೆಯೊಳಗೆ ಮಾಂಸ ಬೇಯಕೂಡದು, ಮೊಟ್ಟೆ ಒಡೆಯಕೂಡದು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಬೆಳಿಗ್ಗೆ ಲಿಂಗಪೂಜೆ ಆಗದೆ ಕಾಫಿ ಕೂಡ ಇಲ್ಲ. ಕಾನೂನಿಗೆ ಇದಕ್ಕಿಂತ ಬೇರೆ ಕಾರಣ ಬೇಕೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಎರಡು ವರ್ಷದ ಹಿಂದೆ ಮಂಜುಳಾ ಎಂಬವರು ಮನೆ ಕೇಳಿಕೊಂಡು ಬಂದರು. ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಗಂಡ ಬಸ್ ಕಂಡಕ್ಟರು, ಯಾವಾಗ ನೋಡಿದರೂ ಡ್ಯೂಟಿ. ಸಿಂಚನ ಎಂಬ ನಾಲ್ಕು ವರ್ಷದ ಮಗಳು. ನಾನು ಕಾನೂನು ಹೇಳಿದೆ. "ಮನೇಲಿ ಮಾಡಲ್ಲ ಸಾರ್" ಅಂದರು. ಬಂದ ಮೇಲೆ ನೋಡಿದರೆ ಬಾಡಿಗೆದಾರರೆಂದರೆ ಹೀಗಿರಬೇಕು ಎಂಬಂತೆ ಇದ್ದರು. ಒಗ್ಗರಣೆ ಹಾಕುವಾಗ ಕಿಟಕಿ ಪೂರ್ತಿ ತೆಗೆದಿಡುತ್ತಿದ್ದರು. ಕರಿಬೇವು, ಇಂಗಿನ ಘಮ ನೇರವಾಗಿ ನಮ್ಮ ಹಜಾರಕ್ಕೆ ಬರುತ್ತಿತ್ತು. ದಿನಾ ಬೆಳಿಗ್ಗೆ ಏಳೂವರೆಗೆ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಎಲ್ಲಿಗೋ ಹೋಗಿ, ಎಂಟೂಕಾಲಿಗೆ ವಾಪಸ್ಸು ಬಂದು, ಆಮೇಲೆ ಸ್ಕೂಲ್ ವ್ಯಾನಿಗೆ ಹತ್ತಿಸುತ್ತಿದ್ದರು. "ದೇವಸ್ಥಾನಕ್ಕೆ ಹೋಗ್ತಾರೆ ಕಣ್ರೀ, ಈ ಕಾಲದಲ್ಲಿ ಯಾರು ಹೋಗ್ತಾರೆ ಹೇಳಿ" ಎಂದು ನನ್ನ ಹೆಂಡತಿ ಗಿರಿಜಾ ತೀರ್ಪು ಕೊಟ್ಟಳು. ನಾನು ವಾಕಿಂಗ್ ಗೆಳೆಯರ ಮುಂದೆ, ಬಾಡಿಗೆದಾರರನ್ನು ಆರಿಸುವುದೂ ಒಂದು ಕಲೆ ಎಂದು ಉಪನ್ಯಾಸ ಕೊಡುತ್ತಿದ್ದೆ.

ಈ ವರ್ಷ ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಗಿರಿಜಾ ತಾರಸಿಯ ಮೇಲೆ ಅರಳು ಸಂಡಿಗೆ ಇಟ್ಟಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಮೇಲಿನಿಂದ "ರೀ" ಎಂಬ ಒಂದೇ ಅಕ್ಷರ ಕೇಳಿಸಿತು. ಮೂವತ್ತಾರು ವರ್ಷದ ಸಂಸಾರದಲ್ಲಿ ಅವಳು ಆ ಅಕ್ಷರವನ್ನು ಆ ದನಿಯಲ್ಲಿ ಹೇಳಿದ್ದು ನಾನು ಕೇಳಿರಲಿಲ್ಲ. ಓಡಿದೆ. ಬಿಳಿ ಪಂಚೆಯ ಮೇಲೆ ಸಾಲಾಗಿ ಇಟ್ಟಿದ್ದ ಸಂಡಿಗೆಯ ನಡುವೆ ಒಂದು ಕಾಲು ಬಿದ್ದಿತ್ತು. ಕೆಂಪಗೆ, ಬೆರಳು ಬೆರಳಾಗಿ, ಉಗುರು ಸಮೇತ. ಆಮೇಲೆ ಗೋಡೆಯ ಅಂಚು ನೋಡಿದರೆ ಪುಕ್ಕ, ಮಳೆನೀರಿನ ಪೈಪಿನ ಬಾಯಲ್ಲಿ ಬೆಳ್ಳಗಿನ ಒಂದು ಎಲುಬು. "ಕೋಳಿ ಕಾಲು" ಎಂದೆ ನಾನು. ನಾನು ಹುಟ್ಟಿದಾಗಿನಿಂದ ಕೋಳಿಯ ಕಾಲನ್ನು ಹತ್ತಿರದಿಂದ ನೋಡಿದವನಲ್ಲ. ಆದರೂ ಅದು ಕೋಳಿಯದೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಾಂಸ ಅಂದರೆ ಕೋಳಿ, ಕಾಲು ಅಂದರೆ ಕೋಳಿಕಾಲು. ಇನ್ನು ತಾರಸಿಗೆ ಹತ್ತಿ ಬರುವವರು ನಮ್ಮನ್ನು ಬಿಟ್ಟರೆ ಮಂಜುಳಾ ಮಾತ್ರ.

ಇಲಾಖೆಯ ಅಭ್ಯಾಸ ಹೋಗುವುದಿಲ್ಲ ನೋಡಿ. ಕಳ್ಳತೂಕದ ಬಟ್ಟುಗಳನ್ನು ಜಪ್ತಿ ಮಾಡುತ್ತಿದ್ದ ಹಾಗೆಯೇ ಕಾಲನ್ನು ಕಡ್ಡಿಯಿಂದ ಎತ್ತಿ, ಪೇಪರಿನಲ್ಲಿ ಸುತ್ತಿ, ಮೈಸೂರುಪಾಕಿನ ಖಾಲಿ ಡಬ್ಬಿಯಲ್ಲಿ ಹಾಕಿ ದಾರ ಕಟ್ಟಿದೆ. ಹೊರಗೆ ತಾರೀಖು, ಸಮಯ ಕೂಡ ಬರೆದೆ. ಗಿರಿಜಾ ಇಡೀ ಸಂಡಿಗೆಯನ್ನು ಪಂಚೆ ಸಮೇತ ಎಸೆದು, "ಆ ಡಬ್ಬಿ ಇನ್ಮೇಲೆ ಒಳಗೆ ಬರಕೂಡದು" ಎಂದು ಹೇಳಿ ಎರಡನೇ ಸಲ ಸ್ನಾನಕ್ಕೆ ಹೋದಳು.

ಸಂಜೆ ಮಂಜುಳಾ ಬಂದ ಕೂಡಲೇ ಕರೆದು ಡಬ್ಬಿ ಬಿಚ್ಚಿ ತೋರಿಸಿದೆ. ಅವರು ಒಂದೇ ಒಂದು ಸಲ ನೋಡಿ, "ಇದು ಕೋಳಿ ಕಾಲಲ್ಲ ಸಾರ್. ಕೋಳಿದು ಇಷ್ಟು ಸಣ್ಣಕ್ಕೆ ಇರಲ್ಲ. ಯಾವ್ದೋ ಹಕ್ಕೀದು" ಅಂದರು.

ನಾನು ಕಾಯುತ್ತಿದ್ದದ್ದೇ ಇದಕ್ಕೆ. "ನಿಮಗೆ ಹೇಗಮ್ಮ ಗೊತ್ತು ಎಷ್ಟು ದಪ್ಪ ಇರುತ್ತೆ ಅಂತ?" ಎಂದೆ. ಎಂಥ ಪ್ರಶ್ನೆ ಹಾಕಿಬಿಟ್ಟೆ ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡೆ. ಕೋರ್ಟಿನಲ್ಲಿ ಕೂಡ ಇಷ್ಟು ಚೆನ್ನಾಗಿ ಯಾರನ್ನೂ ಸಿಕ್ಕಿಸಿರಲಿಲ್ಲ. ಮಂಜುಳಾ ನನ್ನ ಮುಖವನ್ನು ನೋಡಿದರು. ಸಿಟ್ಟಾಗಲಿಲ್ಲ. ಮಗುವಿನ ಬ್ಯಾಗನ್ನು ಭುಜಕ್ಕೆ ಏರಿಸಿಕೊಂಡರು. "ತಿಂಗಳ ಕೊನೇವರೆಗೆ ಟೈಮ್ ಕೊಡಿ ಸಾರ್, ಬೇರೆ ಮನೆ ನೋಡ್ಕೋತೀವಿ" ಎಂದು ಹೇಳಿ ಮೆಟ್ಟಿಲು ಹತ್ತಿದರು. ಮನೆ ಬಿಡಿ ಎಂದು ಹೇಳುವ ಕಷ್ಟವನ್ನೂ ನನಗೆ ಕೊಡಲಿಲ್ಲ. ಅಪರಾಧಿ ಒಪ್ಪಿಕೊಂಡ ಎಂದು ನಾನು ಅಂದುಕೊಂಡೆ.

ಶಿವರಾತ್ರಿ ಕಳೆಯಿತು. ಮೇಲಿನ ಮನೆಯ ಕಿಟಕಿ ಈಗ ಮುಚ್ಚಿಯೇ ಇರುತ್ತಿತ್ತು. ಎರಡು ವಾರವಾದ ಮೇಲೆ ಒಂದು ಬೆಳಿಗ್ಗೆ, ಪೂಜೆ ಮುಗಿಸಿ, ಕಾಫಿ ಲೋಟ ಹಿಡಿದು ಬಿಸಿಲಿಗೆ ಬೆನ್ನು ಕೊಡೋಣವೆಂದು ತಾರಸಿಗೆ ಹೋದೆ. ನಮ್ಮ ಮನೆಯ ಹಿಂದೆ ಒಂದು ಎತ್ತರದ ಕಟ್ಟಡ ಎದ್ದು, ಹತ್ತನೇ ಅಂತಸ್ತಿಗೆ ಬರುವಷ್ಟರಲ್ಲಿ ಕೋರ್ಟಿಗೆ ಹೋಗಿ ಹಾಗೆಯೇ ನಿಂತಿದೆ. ಅದರ ಕಿಟಕಿಗಳಿಲ್ಲದ ತೂತುಗಳಲ್ಲಿ ಪಾರಿವಾಳಗಳ ದೊಡ್ಡ ಸಂಸಾರ. ಅವು ಎಂದಿನಂತೆ ಗುಂಪಾಗಿ ಒಂದು ಸುತ್ತು ಹೊಡೆಯುತ್ತಿದ್ದವು. ಇದ್ದಕ್ಕಿದ್ದಂತೆ ಆಕಾಶದಿಂದ ಏನೋ ಬಿತ್ತು. ಹಾರಿ ಬಂತು ಅನ್ನುವಂತಿರಲಿಲ್ಲ, ಬಿತ್ತು ಎಂದೇ ಹೇಳಬೇಕು. ಬಟ್ಟೆ ಹರಿದಂಥ ಸದ್ದು, ಅದರ ಹಿಂದೆಯೇ ಧಪ್ ಎಂಬ ಇನ್ನೊಂದು ಸದ್ದು. ಗುಂಪಿನಲ್ಲಿದ್ದ ಒಂದು ಪಾರಿವಾಳ ಗಾಳಿಯಲ್ಲೇ ಒಡೆದು ಹೋದಂತಾಯಿತು. ನಾನು ನಿಂತಲ್ಲೇ ಕುಕ್ಕರಿಸಿಬಿಟ್ಟೆ. ಸಣ್ಣ ಬಿಳಿ ಪುಕ್ಕಗಳು ನಿಧಾನವಾಗಿ ಇಳಿದು ನನ್ನ ತಲೆ, ಭುಜದ ಮೇಲೆ, ಆಮೇಲೆ ಕಾಫಿಯೊಳಗೆ ಬಿದ್ದವು. ಮೇಲೆ ನೋಡಿದರೆ, ಕಟ್ಟಡದ ಅಂಚಿನಲ್ಲಿ ಬೂದು ಬೆನ್ನಿನ, ಕಪ್ಪು ಮೀಸೆಯಿರುವ ಒಂದು ಹಕ್ಕಿ ಆ ಪಾರಿವಾಳವನ್ನು ಕಾಲಲ್ಲಿ ಅದುಮಿಕೊಂಡು ಪುಕ್ಕ ಕೀಳುತ್ತಿತ್ತು. ನಾನು ಬಾಯಿ ತೆರೆದುಕೊಂಡು ನೋಡುತ್ತಿರುವಾಗಲೇ ಮೇಲಿನಿಂದ ಒಂದು ಕಾಲು ಟಪ್ಪೆಂದು ನನ್ನ ಪಕ್ಕದಲ್ಲಿ ಬಂದು ಬಿತ್ತು. ಕೆಂಪಗೆ, ಬೆರಳು ಬೆರಳಾಗಿ, ಉಗುರು ಸಮೇತ.

ಎದುರು ಮನೆಯ ತಾರಸಿಯಿಂದ ಪೊನ್ನಪ್ಪನವರು ಕೈ ಬೀಸಿದರು. ಅವರು ಕೊಡಗಿನವರು, ಸೈನ್ಯದಲ್ಲಿದ್ದು ನಿವೃತ್ತರಾದವರು. ಭಾನುವಾರ ಅವರ ಮನೆಯಲ್ಲಿ ಏನು ಬೇಯುತ್ತದೆಂದು ನನ್ನ ಮೂಗಿಗೆ ಚೆನ್ನಾಗಿ ಗೊತ್ತು. ಅವರು ಸ್ವಂತ ಮನೆಯವರಾದ್ದರಿಂದ ನನ್ನ ಮೂಗು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ದುರ್ಬೀನು ಕೊರಳಿಗೆ ನೇತುಹಾಕಿಕೊಂಡು ಐದೇ ನಿಮಿಷದಲ್ಲಿ ನಮ್ಮ ತಾರಸಿಗೆ ಬಂದರು.

"ನೋಡಿದ್ರಾ ಹೊಡೆತಾನ? ಅದು ಭೈರಿ. ಡೇಗೆ ಜಾತಿ. ಪ್ರಪಂಚದಲ್ಲಿ ಅದಕ್ಕಿಂತ ಜೋರಾಗಿ ಹೋಗೋ ಪ್ರಾಣಿ ಇಲ್ಲ. ಮಾಮೂಲಾಗಿ ಬೆಟ್ಟದ ಬಂಡೆ ಸಂದೀಲಿ ಗೂಡು ಮಾಡುತ್ತೆ. ಅದರ ಕಣ್ಣಿಗೆ ಈ ಕಟ್ಟಡಾನೂ ಬಂಡೇನೇ. ಗಂಡು ಹೆಣ್ಣು ಎರಡೂ ಇವೆ. ಎರಡು ತಿಂಗಳಿಂದ ನಿಮ್ಮ ನೆತ್ತಿ ಮೇಲೇ ಇವೆಯಲ್ರೀ, ಗೊತ್ತೇ ಇರಲಿಲ್ವಾ?"

"ಎರಡು ತಿಂಗಳಿಂದ ಇಲ್ಲೇ ತಿಂತಿದೆಯಾ?" ಎಂದು ಕೇಳಿದೆ.

"ಮತ್ತೆಲ್ಲಿ ತಿನ್ನಬೇಕು? ದಿನಾ ಒಂದಾದ್ರೂ ಬೇಕು ಅದಕ್ಕೆ. ಮಾಂಸ ತಿಂದು ಕಾಲು, ರೆಕ್ಕೆ ಎಸೆದುಬುಡುತ್ತೆ. ಓಡಿಸೋಕೆ ಗೀಡಿಸೋಕೆ ಹೋಗಬೇಡಿ ಮತ್ತೆ. ಕಾನೂನಿನ ರಕ್ಷಣೆ ಇದೆ ಅದಕ್ಕೆ."

ದುರ್ಬೀನು ನನ್ನ ಕಣ್ಣಿಗೆ ಹಿಡಿದು ಕಟ್ಟಡದ ಒಂದು ತೂತಿನತ್ತ ತಿರುಗಿಸಿದರು. ಕಡ್ಡಿ ಇಲ್ಲ, ಹುಲ್ಲಿಲ್ಲ, ಬರೀ ಸಿಮೆಂಟಿನ ಮೂಲೆ. ಅಲ್ಲಿ ಹತ್ತಿಯ ಉಂಡೆಯಂಥ ಮೂರು ಮರಿಗಳು. ತಾಯಿ ಒಂದೊಂದೇ ಸಣ್ಣ ಚೂರು ಕಿತ್ತು, ಬಗ್ಗಿ, ಕತ್ತು ಓರೆ ಮಾಡಿ ಒಂದೊಂದರ ಬಾಯಿಗೆ ಇಡುತ್ತಿತ್ತು. ಗಂಡುಹಕ್ಕಿ ದೂರದಲ್ಲಿ ಕೂತು ಕಾವಲು ಕಾಯುತ್ತಿತ್ತು. ಅಷ್ಟು ಹೊತ್ತಿಗೆ ಮೇಲೆ ಬಂದ ಗಿರಿಜಾ ದುರ್ಬೀನು ಕಿತ್ತುಕೊಂಡು ನೋಡಿ, "ಆ ಕೊನೇ ಮರಿಗೆ ಸಿಕ್ಕೇ ಇಲ್ಲ ಕಣ್ರೀ, ಪಾಪ" ಎಂದಳು. ಕಾಲು ಬಿದ್ದದ್ದಕ್ಕೆ ಇಡೀ ಸಂಡಿಗೆ ಎಸೆದವಳು ಇವಳೇ. ನನಗೆ ಅವಳ ಮೇಲೆ ಆಶ್ಚರ್ಯಪಡುವ ಶಕ್ತಿ ಕೂಡ ಇರಲಿಲ್ಲ. ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಯಾವ್ದೋ ಹಕ್ಕೀದು ಎಂದು ಆಕೆ ಅಂದೇ ಹೇಳಿದ್ದರು.

ಸಂಜೆ ಮೆಟ್ಟಿಲು ಹತ್ತಿದೆ. ನನ್ನ ಮನೆಯ ಮೆಟ್ಟಿಲು ನನಗೆ ಅಷ್ಟು ಕಡಿದಾಗಿ ಯಾವತ್ತೂ ಕಂಡಿರಲಿಲ್ಲ. ಮಂಜುಳಾ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ಭೈರಿಯ ವಿಷಯ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಆದರೆ ಅದನ್ನು ಎಷ್ಟು ಸುತ್ತಿ ಬಳಸಿ ಹೇಳಿದೆನೆಂದರೆ ಅರ್ಧ ತಪ್ಪು ಹಕ್ಕಿಯದೆಂದೇ ಕೇಳಿಸಿರಬೇಕು. ಕೊನೆಗೆ ನನ್ನ ಔದಾರ್ಯ ಉಕ್ಕಿ ಬಂತು. "ನೀವು ಎಲ್ಲಿಗೂ ಹೋಗೋದು ಬೇಡಮ್ಮ. ಇಲ್ಲೇ ಇರಿ. ಬೇಕಾದ್ರೆ ಮಗುವಿಗೆ ಯಾವಾಗಲಾದ್ರೂ ಒಂದು ಮೊಟ್ಟೆ ಗಿಟ್ಟೆ ಮಾಡಿಕೊಳ್ಳಿ, ನಾನೇನೂ ಅನ್ನಲ್ಲ" ಎಂದುಬಿಟ್ಟೆ. ಮೂವತ್ತು ವರ್ಷದ ಕಾನೂನನ್ನು ಮುರಿದವನು ನಾನು. ಆಕೆ ಕಣ್ಣಲ್ಲಿ ನೀರು ತಂದುಕೊಳ್ಳಬಹುದು ಎಂದೂ ಅಂದುಕೊಂಡಿದ್ದೆ.

ಮಂಜುಳಾ ಸುತ್ತುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟರು. "ಮಗಿಗೆ ರಕ್ತ ಕಮ್ಮಿ ಅಂತ ಡಾಕ್ಟ್ರು ದಿನಾ ಒಂದು ಮೊಟ್ಟೆ ಕೊಡಿ ಅಂದಿದ್ರು ಸಾರ್. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಅಶೋಕಪುರಂಗೆ, ನಮ್ಮಕ್ಕನ ಮನೇಗೆ ಕರ್ಕೊಂಡೋಗಿ ತಿನ್ಸ್ಕೊಂಡು ಬರ್ತಿದ್ದೆ. ಮಳೇಲೂ ಹೋಗಿದೀವಿ, ಜ್ವರ ಇದ್ದಾಗ್ಲೂ ಹೋಗಿದೀವಿ. ಬಾಯಿ ತೊಳೆಸಿ, ಒಂದು ಏಲಕ್ಕಿ ಅಗಿಸಿ ಕರ್ಕೊಂಡು ಬರ್ತಿದ್ದೆ. ನಿಮ್ಮನೆ ಅಜ್ಜಿ ಎತ್ಕೊಂಡಾಗ ವಾಸನೆ ಬರಬಾರ್ದಲ್ಲ. ಒಗ್ಗರಣೆಗೆ ಕಿಟಕಿ ತೆಗೆದಿಡ್ತಿದ್ದೆ, ನಿಮಗೆ ಅನುಮಾನ ಬರ್ದಿರ್ಲಿ ಅಂತ. ಇನ್ನೂ ಎಂಗಿರಬೇಕಾಗಿತ್ತು ಸಾರ್ ನಾವು?"

ಬೆಳಿಗ್ಗೆ ಆಕಾಶದಿಂದ ಬಿದ್ದ ಹೊಡೆತ ಇದರ ಮುಂದೆ ಏನೂ ಅಲ್ಲ. ಏಳೂವರೆಯ ಆ ಸ್ಕೂಟರಿಗೆ ನಾನು ಎಷ್ಟು ಸಲ ಗೇಟು ತೆಗೆದುಕೊಟ್ಟಿದ್ದೇನೆ, ನನ್ನ ಪಾಲಿನ ಪ್ರಸಾದ ತನ್ನಿ ಎಂದು ಎಷ್ಟು ಸಲ ತಮಾಷೆ ಮಾಡಿದ್ದೇನೆ ಎಂಬುದೆಲ್ಲ ನೆನಪಾಗಿ ನಾಚಿಕೆಯಿಂದ ಮೈ ಬಿಸಿಯಾಯಿತು. "ಶ್ರೀರಾಂಪುರದಲ್ಲಿ ಮನೆ ಸಿಕ್ಕೈತೆ ಸಾರ್" ಎಂದು ಮಂಜುಳಾ ಮತ್ತೆ ಪೇಪರು ಕೈಗೆತ್ತಿಕೊಂಡರು. "ಓನರು ಗಾಡಿ ಎಷ್ಟಿದೆ ಅಂತ ಬಿಟ್ರೆ ಬೇರೇನೂ ಕೇಳ್ಲಿಲ್ಲ."

ಅವರು ಹೋದ ಮೇಲೆ ನಮ್ಮ ತಾರಸಿ ಒಂದು ಯಾತ್ರಾಸ್ಥಳವಾಯಿತು. ಪೊನ್ನಪ್ಪನವರ ಸ್ನೇಹಿತರು ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತು ಬಂದರು. ಗಿರಿಜಾ ಎಲ್ಲರಿಗೂ ಕಾಫಿ ಕೊಟ್ಟು, ಯಾವ ಮರಿ ಜೋರು, ಯಾವುದು ಸಾಧು ಎಂದು ವಿವರಿಸಿದಳು. ಬಂದವರೆಲ್ಲ ನನ್ನ ಕೈ ಕುಲುಕಿ, ಇಂಥ ಹಕ್ಕಿ ಪಕ್ಕದಲ್ಲೇ ಮನೆ ಮಾಡಿರುವುದು ನಿಮ್ಮ ಪುಣ್ಯ ಎಂದರು. ಮೇಲಿನ ಮಹಡಿ ಖಾಲಿಯಾಗಿಯೇ ಇತ್ತು. ಅದರ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಯುಗಾದಿ ಕಳೆದ ಮೇಲೆ ಮಂಜುಳಾ ಫೋನ್ ಮಾಡಿ, ಹೊಸ ಮನೆಯಲ್ಲಿ ಪೂಜೆ ಇಟ್ಟುಕೊಂಡಿದ್ದೇವೆ, ಅಮ್ಮನವರೂ ನೀವೂ ಊಟಕ್ಕೆ ಬರಲೇಬೇಕು ಎಂದರು. ನನಗೆ ಕಣ್ಣು ತುಂಬಿ ಬಂತು. ಕ್ಷಮಿಸಿದ್ದಾರೆ ಎಂದು ದಾರಿಯುದ್ದಕ್ಕೂ ಗಿರಿಜಾಗೆ ಹೇಳುತ್ತಲೇ ಹೋದೆ. ಮನುಷ್ಯ ಬದಲಾಗಬಹುದು, ನನ್ನನ್ನೇ ನೋಡು ಎಂದೂ ಹೇಳಿದೆ. ಅಲ್ಲಿ ಮಂಜುಳಾ ಅವರ ಅಕ್ಕ ನಮಗೆ ಕೈಗೆ ನೀರು ಕೊಟ್ಟು ಎಲೆಯ ಮುಂದೆ ಕೂರಿಸಿದರು. ಕೋಸಂಬರಿ ಬಂತು, ಹೋಳಿಗೆ ಬಂತು, ಬಿಸಿ ಪಲಾವು ಬಂತು. ಪಲಾವಿನಲ್ಲಿ ಕಂದು ಬಣ್ಣದ, ಮೆತ್ತಗಿನ, ನಾರು ನಾರಾದ ಏನೋ ಒಂದು ಚೂರು ಕಂಡಿತು. ನಾನು ಯೋಚನೆ ಮಾಡಲಿಲ್ಲ, ದೇವರಾಣೆ ಮಾಡಲಿಲ್ಲ. ಯೋಚನೆ ಬರುವ ಮೊದಲೇ ನನ್ನ ಬೆರಳು ಆ ಚೂರನ್ನು ಎಲೆಯ ಅಂಚಿಗೆ ತಳ್ಳಿ, ಅದರ ಮೇಲಿದ್ದ ಅನ್ನವನ್ನು ಕೆದಕಿ ನೋಡತೊಡಗಿತ್ತು. ತಲೆ ಎತ್ತಿದರೆ ಬಡಿಸುವ ಪಾತ್ರೆ ಹಿಡಿದು ಮಂಜುಳಾ ನಿಂತಿದ್ದರು.

"ಅದು ಸೋಯಾ ಸಾರ್" ಎಂದರು ಮೆಲ್ಲಗೆ, ಬೇರೆ ಯಾರಿಗೂ ಕೇಳಿಸದ ಹಾಗೆ. "ನಿಮ್ಮಿಬ್ರಿಗೂ ಅಂತ ಹೊಸ ಪಾತ್ರೆ ತಂದು ಬೇರೇನೇ ಮಾಡಿದೀನಿ. ಧೈರ್ಯವಾಗಿ ತಿನ್ನಿ."

ಪಕ್ಕದಲ್ಲಿ ಗಿರಿಜಾ ಆಗಲೇ ಎರಡನೇ ಸಲ ಬಡಿಸಿಕೊಂಡಿದ್ದಳು. ಎದುರು ಎಲೆಯಲ್ಲಿ ಕೂತಿದ್ದ ಸಿಂಚನ ನನ್ನ ಬೆರಳನ್ನೇ ನೋಡುತ್ತಿದ್ದವಳು, "ತಾತಂಗೆ ಭಯ ಆಗ್ತೈತಾ ಅಮ್ಮ?" ಎಂದು ಕೇಳಿದಳು. ಮಂಜುಳಾ "ಸುಮ್ನೆ ಊಟ ಮಾಡು" ಎಂದರು. ನಾನು ಆ ಚೂರನ್ನು ಬಾಯಿಗೆ ಹಾಕಿಕೊಂಡು, ಎಲ್ಲರೂ ನೋಡಲಿ ಎಂದು ಜೋರಾಗಿ ಅಗಿದೆ. ಮಗು ಕೇಳಿದ್ದು ಸರಿಯಾಗಿತ್ತು, ನನಗೆ ಭಯವಾಗುತ್ತಿತ್ತು.