ಎಷ್ಟು ಕುಯ್ದಿದ್ದೀರಾ ಸಾರ್?

ಎಲ್ಲ ಕೆಟ್ಟಿದ್ದು ಉಜ್ಜಿನಪ್ಪನ ಒಂದು ಪ್ರಶ್ನೆಯಿಂದ.

"ಇಂಥಾ ಗಡ್ಡೆ ಇದುವರ್ಗೂ ಎಷ್ಟು ಕುಯ್ದಿದ್ದೀರಾ ಸಾರ್?"

ಹಿಂದೂಪುರದ ಆ ಆಸ್ಪತ್ರೆಯಲ್ಲಿ ಹೀಗೆ ಯಾರೂ ಕೇಳಿರಲಿಲ್ಲ. ಕುಂದುರ್ಪಿಯ ಕುರಿಗಾರ ಉಜ್ಜಿನಪ್ಪನ ಅನ್ನನಾಳದಲ್ಲಿ ಗಡ್ಡೆ ಕೂತು, ಮುದ್ದೆ ನಿಂತು, ಈಗ ಗಂಜಿಯೂ ಸತಾಯಿಸುತ್ತಿತ್ತು. ಕಲ್ಯಾಣದುರ್ಗದವರು ಕೈಚೆಲ್ಲಿ ಇಲ್ಲಿಗೆ ಅಟ್ಟಿದ್ದರು. ನಾಳೆ ಆಪರೇಷನ್.

ಎಳೆಯ ಡಾಕ್ಟರ್ ಹರಿಕೃಷ್ಣ ಹಗ್ಗ ಬಿಗಿದ ಕರುವಿನಂತೆ ಕೊರಳ ಸ್ಟೆಥಾಸ್ಕೋಪು ಎಳೆದಾಡಿದ.

"ಇಂಥದ್ದು... ನೋಡಿದ್ದೀನಿ, ಪೆದ್ದಾಯನಾ," ಎಂದ, ಹಿರಿಯರನ್ನು ಕರೆಯುವ ತೆಲುಗು ಮರ್ಯಾದೆಯಲ್ಲಿ.

"ನೋಡೋಕೆ ನಾನೂ ನೋಡಿವ್ನಿ, ಫೋಟೋದಾಗೆ. ನಮ್ಮಲ್ಲಿ ಉಣ್ಣೆ ಕತ್ತರಿಸೋನ್ನೂ ಯಾರ ಮಂದೆ ಕತ್ತರಿಸಿದ್ದೀಯ ಅಂತ ಕೇಳ್ತೀವಿ. ಹೊಸಬನಾದ್ರೆ ಕೈ ಪಳಗ್ಲಿ ಅಂತ ಮೊದ್ಲು ಕುಂಟು ಕುರಿ ಕೊಡ್ತೀವಿ."

ಡಾಕ್ಟರ ಮುಖ ಇಳಿಯಿತು. ಕೇಸ್‌ಶೀಟು ಮಡಚಿಕೊಂಡು ಹೊರಟುಹೋದ.

ಪಕ್ಕದ ಮಂಚದ ದಾಸಣ್ಣ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೇ ಎದ್ದು ಕೂತ. "ಓಡೋಗ್ಲಾ. ಕೊಡಿಕೊಂಡದ ಗಡಿ ದಾಟಿದ್ರೆ ಬೆಂಗ್ಳೂರು. ಅಲ್ಲಿನ ದೊಡ್ಡ ಡಾಕ್ಟ್ರು ದಿನಾ ಇಂಥವ್ನೇ ಕುಯ್ತಾರಂತೆ, ಬದನೆಕಾಯಿ ಕುಯ್ದಂಗೆ."

"ನಮ್ ಸರ್ಕಾರದ ಆಸ್ಪತ್ರೆ ಕಾರ್ಡು ಅಲ್ಲಿ ನಡೀತದಾ?" ಎಂದಳು ಉಜ್ಜಿನಪ್ಪನ ಹೆಂಡತಿ ಬೀರಕ್ಕ.

"ರೋಗಕ್ಕೆ ಗಡಿ ಐತೇನಮ್ಮ?"

ಆಸ್ಪತ್ರೆಯ ಹಸಿರು ಗೌನಿನ ಮೇಲೆ ಕಂಬಳಿ ಹೊದ್ದು ಉಜ್ಜಿನಪ್ಪ ಬಸ್ಸು ಹತ್ತಿದ. ಗಾಳಿಗೆ ಕಂಬಳಿ ಹಾರಿತು. ಹಿಂದೆ ಬಟನ್ನಿಲ್ಲದ ಗೌನು ಇಡೀ ಬಸ್ಸಿಗೆ ಅವನ ಬೆನ್ನು ತೋರಿಸಿತು.

"ಏಂ ತಾತಾ, ಆಪರೇಷನ್ ಅಯಿಪೋಯಿಂದಾ?" ಎಂದ ಕಂಡಕ್ಟರು.

"ಆಗ್ಬಾರ್ದು ಅಂತ್ಲೇ ಓಡೋಯ್ತಾ ಇವ್ನಿ ಕಣಪ್ಪ."

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಕೌಂಟರಿನ ಹುಡುಗಿ ಕಾರ್ಡನ್ನು ಹಳಸಿದ ಚಿತ್ರಾನ್ನದಂತೆ ವಾಪಸು ತಳ್ಳಿದಳು. ರೋಗಕ್ಕೆ ಗಡಿ ಇರಲಿಲ್ಲ, ಕಾರ್ಡಿಗೆ ಇತ್ತು.

"ದೊಡ್ಡ ಡಾಕ್ಟ್ರೇ ಬೇಕಂದ್ರೆ ಮೇಲಿನ ಮಹಡಿ, ಪ್ಯಾಕೇಜು. ಇಲ್ಲಾಂದ್ರೆ ಕೆಳಗೆ ಫ್ರೀ ವಾರ್ಡು."

"ಫ್ರೀನೇ ಆಗ್ಲಿ ಬಿಡಮ್ಮ," ಬೀರಕ್ಕ ಹೆಬ್ಬೆಟ್ಟು ಒತ್ತಿದಳು. "ಇಷ್ಟು ದೊಡ್ಡಾಸ್ಪತ್ರೇಲಿ ಕಸ ಗುಡಿಸೋರ್ಗೂ ಕುಯ್ಯೋಕೆ ಬತ್ತದೆ."

ಆ ಮಾತಿಗೆ, ಎಷ್ಟೋ ದಿನಗಳ ಮೇಲೆ, ಉಜ್ಜಿನಪ್ಪ ನಕ್ಕ.

ಸಂಜೆ ಮಂಚದ ಪರದೆ ಸರಿಯಿತು. ಒಳಗೆ ಬಂದ ಡಾಕ್ಟರು ಮಾಸ್ಕು ಇಳಿಸಿದ. ಹರಿಕೃಷ್ಣ.

"ಬೆಳಿಗ್ಗೆ ನೀವು ಕೇಳಿದ್ದು ಎದೆಗೆ ಚುಚ್ತು, ಪೆದ್ದಾಯನಾ," ಎಂದ ಮೆಲ್ಲಗೆ. "ಕಲಿಯೋಕೆ ಬಾ ಅಂತ ಇಲ್ಲಿಯವರು ಬಹಳ ದಿನದಿಂದ ಕರೀತಿದ್ರು. ಇವತ್ತೇ ಸೇರಿಬಿಟ್ಟೆ. ನೀವೇ ನನ್ನ ಮೊದಲ ಕೇಸು."

"ದಿನಾ ಕುಯ್ಯೋ ದೊಡ್ಡ ಡಾಕ್ಟ್ರು?"

"ಅವರದ್ದು ಮೇಲಿನ ಮಹಡಿ. ಕೆಳಗಿನ ವಾರ್ಡು ನಮಗೆ, ಕೈ ಪಳಗೋಕೆ."

ಉಜ್ಜಿನಪ್ಪ ಕಂಬಳಿ ಸರಿಸಿ ತನ್ನ ಕಾಲುಗಳನ್ನು ನೋಡಿಕೊಂಡ. ಎರಡೂ ನೆಟ್ಟಗೇ ಇದ್ದವು.