ಟಕ್ ಎನ್ನದ ಕ್ಯಾಮೆರಾವನ್ನೇ ಉಳಿಸಿಕೊಡುವ ಬಗ್ಗೆ

ಇಂದ:
ಫೋಟೋಗ್ರಾಫರ್ ಹಾಗೂ ಅಳಿಯ,
ಸ್ವಂತ ಸ್ಟುಡಿಯೋದ ಪರದೆಯ ಹಿಂದಿನಿಂದ.

ಗೆ:
ವ್ಯವಸ್ಥಾಪಕರು,
ಹಳೆಯದು ಕೊಟ್ಟು ಹೊಸದು ಒಯ್ಯುವ ವಿಭಾಗ,
ಕ್ಯಾಮೆರಾ ಅಂಗಡಿ, ಹಿಂದಿನ ರಸ್ತೆ.

ವಿಷಯ: ಟಕ್ ಎನ್ನುವ ಹಳೆಯ ದೊಡ್ಡ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್ ಮತ್ತು ಸದ್ದಿಲ್ಲದ ಪುಟ್ಟ ಮಿರರ್‌ಲೆಸ್‌ಗಳ ಪೈಕಿ ಎರಡನೆಯದನ್ನೇ ಆರಿಸಿಕೊಂಡಿದ್ದು, ಮೊದಲನೆಯದನ್ನು ಯಾರು ಬಂದು ಕೇಳಿದರೂ ಕೊಡದಿರುವ ಕುರಿತು.

ಉಲ್ಲೇಖ: ೧. ತಮ್ಮ ಏಳು ದಿನಗಳ ಪರೀಕ್ಷಾರ್ಥ ಬಳಕೆಯ ಚೀಟಿ (ಇಂದೇ ಕೊನೆ).
೨. ಪತ್ನಿಯ ಮೌಖಿಕ ಆದೇಶ: "ಎರಡೆರಡು ಯಾತಕ್ಕೆ? ಒಂದಿಟ್ಕೊಳ್ಳಿ."

ಮಾನ್ಯರೇ,

೧. ದೊಡ್ಡ ಕ್ಯಾಮೆರಾ ಹೊತ್ತು ಹೊತ್ತು ಅರ್ಜಿದಾರನ ಬಲಭುಜವು ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿದೆ. ಕಾರಣ, ಅದನ್ನು ತಮ್ಮಲ್ಲಿ ಬಿಟ್ಟು ಪುಟ್ಟದನ್ನು ಪರೀಕ್ಷೆಗೆ ತಂದನು. ಆದರೆ ಈ ಪುಟ್ಟದನ್ನು ಹಿಡಿದು ಸಮಾರಂಭವೊಂದಕ್ಕೆ ಹೋದರೆ, "ಫೋಟೋದವರು ಇನ್ನೂ ಬಂದಿಲ್ವಾ?" ಎಂದು ಅವನನ್ನೇ ಕೇಳಿದರು. ಆದ್ದರಿಂದ ನಿನ್ನೆಯವರೆಗೂ ಅವನ ಮನಸ್ಸು ದೊಡ್ಡದರ ಕಡೆಗೇ ವಾಲಿತ್ತು.

೨. ಹನ್ನೊಂದು ವರ್ಷಗಳ ಹಿಂದೆ, ತನ್ನ ಮದುವೆಯ ಗುಂಪು ಫೋಟೋವನ್ನು ಬೇರೆಯವರ ಕೈಗೆ ಕೊಡಲು ಮನಸ್ಸೊಪ್ಪದೆ, ಅವನೇ ಟೈಮರ್ ಇಟ್ಟು ಓಡಿಬಂದು ನಿಂತನು. ಅತ್ತೆಯವರ ಮೂಗಿನಿಂದಾಚೆಗಿನ ಮುಖ ಚೌಕಟ್ಟಿನ ಹೊರಗುಳಿಯಿತು. ಅಂದಿನಿಂದ ಅತ್ತೆ ಅವನೆದುರು ನಕ್ಕಿಲ್ಲ. "ಆ ಫೋಟೋದವನು" ಎನ್ನುತ್ತಾರೆ. ಇದರಿಂದ ಅವನಿಗೆ ಬಹಳ ನೋವಾಗಿದೆ. ಕಡತದಲ್ಲಿ ದಾಖಲಾಗಲಿ.

೩. ಇಂದು ಬೆಳಿಗ್ಗೆ ೧೦.೨೦ಕ್ಕೆ, ತಮ್ಮ ಮಗಳ, ಅಂದರೆ ಅರ್ಜಿದಾರನ ಪತ್ನಿಯ, ಕಾಟ ತಡೆಯಲಾರದೆ, ಅತ್ತೆ ಫೋಟೋಗೆ ಬಂದು ಕುಳಿತರು. "ನಗಿ ಅತ್ತೆ" ಎಂದನು. ನಕ್ಕರು. ಅವನು ತೆಗೆದನು. ಮಿರರ್‌ಲೆಸ್ ಚಕಾರವೆತ್ತಲಿಲ್ಲ. ಟಕ್ ಎನ್ನುವವರೆಗೆ ಫೋಟೋ ಆಗಿಲ್ಲವೆಂಬುದು ಅತ್ತೆಯವರ ಜೀವಮಾನದ ತಿಳಿವಳಿಕೆ. ಆದಕಾರಣ ನಗುತ್ತಲೇ ಇದ್ದಾರೆ. ಮಧ್ಯಾಹ್ನದ ಹಾಲನ್ನೂ ಸ್ಟ್ರಾ ಹಾಕಿಯೇ ಕುಡಿದರು. ಈಗ ಗಂಟೆ ಮೂರು.

೪. ನಡುವೆ, ತುಟಿ ಅಲುಗಿಸದೆ, "ಆಯ್ತಾ ಅಳಿಯಂದ್ರೇ?" ಎಂದರು. ಅಳಿಯಂದ್ರೇ ಎಂದದ್ದು ಇದೇ ಮೊದಲು. ನಾನೂರು ಫೋಟೋ ತೆಗೆದಾಗಿದ್ದರೂ ಅವನು "ಇಲ್ಲ ಅತ್ತೆ, ಇನ್ನೊಂಚೂರು" ಎಂದು ಸುಳ್ಳು ಹೇಳಿರುತ್ತಾನೆ. ನಾಚಿಕೆಯಾಗಿದೆ. ನಿಲ್ಲಿಸಲು ಮನಸ್ಸು ಬರುತ್ತಿಲ್ಲ.

೫. ಸದ್ದು ಬರಿಸುವ ಕ್ರಮ ಕೈಪಿಡಿಯ ೯೪ನೇ ಪುಟದಲ್ಲಿದೆ. ಸದರಿ ಪುಟವನ್ನು ಅವನು ಹರಿದು ಜೇಬಿಗಿಳಿಸಿದ್ದಾನೆ.

೬. "ಅಮ್ಮನ ದವಡೆ ಹಿಡ್ಕೊಂಡಿದೆ ಕಣ್ರೀ, ನಿಮ್ಗೆ ಕರುಳಿಲ್ವಾ? ಆ ಹಳೇದನ್ನ ತಂದು ಒಂದ್ಸಲ ಟಕ್ ಅನ್ಸಿಬಿಡ್ತೀನಿ" ಎಂದು ಪತ್ನಿ ಚಪ್ಪಲಿ ಮೆಟ್ಟಿ ತಮ್ಮಲ್ಲಿಗೆ ಹೊರಟಿದ್ದಾರೆ. ಈ ಅರ್ಜಿ ಪಕ್ಕದ ದರ್ಜಿಯ ಸೈಕಲ್ಲಿನಲ್ಲಿ ಅವರಿಗಿಂತ ಮುಂಚೆ ತಲುಪಬೇಕು.

ಆದ್ದರಿಂದ, ಪತ್ನಿ ಬಂದಾಗ ದಾಸ್ತಾನು ಎಣಿಕೆ ನಡೆದಿದೆಯೆಂದು ತಿಳಿಸಿ, ಕುರ್ಚಿ ಕೊಟ್ಟು ಕೂರಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಅತ್ತೆಯವರ ವಿಶ್ವಾಸವನ್ನು ಈಗಷ್ಟೇ ಗಳಿಸುತ್ತಿರುವ,
ಅಳಿಯ

ಲಗತ್ತುಗಳು:
೧. ಮದುವೆಯ ಗುಂಪು ಫೋಟೋ (ಅತ್ತೆ: ಮೂಗಿನವರೆಗೆ).
೨. ೯೪ನೇ ಪುಟ. ಪತ್ನಿಗೆ ತೋರಿಸತಕ್ಕದ್ದಲ್ಲ.
೩. ಮೆಮೊರಿ ಕಾರ್ಡ್: ಲಗತ್ತಿಸಿಲ್ಲ. ೯೪ನೇ ಪುಟವನ್ನು ಜೇಬಿನಿಂದ ತೆಗೆಯುವಾಗ ಕೈಗೆ ಸಿಕ್ಕಿತು. ಬೆಳಿಗ್ಗೆಯಿಂದ ಕ್ಯಾಮೆರಾದೊಳಗೆ ಕಾರ್ಡೇ ಇರಲಿಲ್ಲ.

ಷರಾ: ಕಾರಣ, ಅಂಶ ೪ರಲ್ಲಿನ "ಇಲ್ಲ ಅತ್ತೆ" ಎಂಬ ಸುಳ್ಳನ್ನು ನಿಜವೆಂದು ತಿದ್ದಿಕೊಂಡು, ಪತ್ನಿಯವರನ್ನು ಇನ್ನು ಹತ್ತು ನಿಮಿಷವಾದರೂ ತಡೆಯಬೇಕಾಗಿ ಕೋರಿಕೆ. ಅತ್ತೆ ಇನ್ನೂ ನಗುತ್ತಿದ್ದಾರೆ.