ಕಾಫಿ ವಾಸನಿ ಬಂತು, ಯಾರಿಗಿ ಆರಾಮಿಲ್ಲ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಕಾಫಿಯ ಸೊಕ್ಕಿದೆ. ಬೇರೆ ಯಾವ ಸೊಕ್ಕಿಗೂ ದೇವರು ನನಗೆ ಅವಕಾಶ ಕೊಟ್ಟಿಲ್ಲ. ರೂಪ ಸಾಧಾರಣ, ಬಡಿದ ರೊಟ್ಟಿ ದುಂಡಗಾಗುವುದಿಲ್ಲ, ಹುಮನಾಬಾದಿನ ಶಾಲೆಯಲ್ಲಿ ನಾನು ಕಲಿಸುವ ಗಣಿತಕ್ಕೆ ಮಕ್ಕಳು ಬಾಯಿ ಮುಚ್ಚಿಕೊಳ್ಳದೆ ಆಕಳಿಸುತ್ತಾರೆ. ಆದರೆ ಮೈಸೂರಿನಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನ ಗೆಳತಿಯ ತಾಯಿ ಕೊಟ್ಟ ಪುಟ್ಟದೊಂದು ಸ್ಟೀಲ್ ಫಿಲ್ಟರ್ ನನ್ನ ಹತ್ತಿರ ಇದೆ. ಮೇಲಿನ ಡಬ್ಬಿಗೆ ಪುಡಿ ಹಾಕಿ, ಕುದಿನೀರು ಸುರಿದು, ಮುಚ್ಚಿಟ್ಟರೆ ಕೆಳಗಿನ ಡಬ್ಬಿಗೆ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತದಲ್ಲ, ಇಷ್ಟು ವರ್ಷ ನೋಡಿದರೂ ನನಗದು ಪವಾಡವೇ. ಮೇಲೆ ಹೋದದ್ದು ಬರೀ ನೀರು, ಕೆಳಗೆ ಬಂದದ್ದು ಅಮೃತ! ಆ ಮುಚ್ಚಳ ತೆಗೆದು, ವಾಸನೆ ಎಳೆದುಕೊಳ್ಳುತ್ತ ಮೈಮರೆತು ನಿಂತು ಎಷ್ಟು ಸಲ ಹುಮನಾಬಾದಿನ ಬಸ್ಸು ತಪ್ಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಇಂಥ ನಾನು ಸೊಸೆಯಾಗಿ ಬಂದದ್ದು ಬಸವಕಲ್ಯಾಣಕ್ಕೆ. ಇಲ್ಲಿ ಚಹಾ ಎಂದರೆ ಉಸಿರು. ಬಂದವರಿಗೆ ಚಹಾ, ಹೊರಟವರಿಗೆ ಚಹಾ, ಜಗಳಕ್ಕೆ ಬಂದವರಿಗೂ ಮೊದಲು ಚಹಾ, ಆಮೇಲೆ ಜಗಳ. ಹಾಗಂತ ನಮ್ಮ ಗಲ್ಲಿಯವರು ಕಾಫಿ ಕುಡಿಯುವುದೇ ಇಲ್ಲ ಅಂದುಕೊಳ್ಳಬೇಡಿ. ಕುಡಿಯುತ್ತಾರೆ, ಜ್ವರ ಬಂದಾಗ, ತಲೆ ಸಿಡಿಯುವಾಗ, ಹೊಟ್ಟೆ ಕೆಟ್ಟರೆ ಅದಕ್ಕೇ ಲಿಂಬೆಹಣ್ಣು ಹಿಂಡಿಕೊಂಡು. ಅವರ ಮನೆಗಳಲ್ಲಿ ಕಾಫಿಪುಡಿಯ ಜಾಗ ಅಡುಗೆಮನೆಯಲ್ಲ, ದವಾಖಾನೆಯ ಗುಳಿಗೆಗಳ ಪಕ್ಕ. ಇದು ನನಗೇನು ಗೊತ್ತು? ಮದುವೆಯಾದ ಮೂರನೆಯ ಬೆಳಿಗ್ಗೆ ಫಿಲ್ಟರ್ ಹಾಕಿದೆ. ವಾಸನೆ ಗಲ್ಲಿಗೆ ಹೋಯಿತು. ಹಿಂದೆಯೇ ಎದುರುಮನೆಯ ಬಿಲ್ಕೀಸ್ ಖಾಲಾ ಒಂದು ಬಟ್ಟಲು ಗಂಜಿ ಹಿಡಿದುಕೊಂಡು ಓಡಿ ಬಂದರು. "ಶರಣಮ್ಮಾ, ಕಾಫಿ ವಾಸನಿ ಬರಾಕತ್ತದ. ಯಾರಿಗಿ ಆರಾಮಿಲ್ಲ?"

ಶರಣಮ್ಮ ಎಂದರೆ ನಮ್ಮ ಅತ್ತೆ. ಒಳಗಿನಿಂದಲೇ ಹೇಳಿದರು, "ಯಾರಿಗೂ ಏನೂ ಆಗಿಲ್ಲ ಆಪಾ. ಹೊಸ ಸೊಸಿಗಿ ಹಿಂಗೊಂದು ಚಟ ಅದ." ಅಂದಿನಿಂದ ಹದಿನಾರು ವರ್ಷ ನನ್ನ ಕಾಫಿಗೆ ಅವರಿಟ್ಟ ಹೆಸರು 'ಸುಟ್ಟ ನೀರು'. ಅವರ ಶುಂಠಿ ಚಹಾ ಬೆಳಿಗ್ಗೆ ಐದಕ್ಕೆ ಒಲೆ ಹತ್ತುತ್ತಿತ್ತು. ಒಂದೇ ಒಂದು ಗುಟುಕು ನನ್ನ ಕಾಫಿ ಕುಡಿಸಿ, ಅವರ ಬಾಯಿಂದ 'ಛಲೋ ಅದ' ಅನ್ನಿಸಬೇಕೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಜಪ್ಪಯ್ಯ ಅಂದರೂ ಮುಟ್ಟಲಿಲ್ಲ.

ಅತ್ತೆಯನ್ನು ಗೆಲ್ಲಲಾಗದ ಸಿಟ್ಟಿಗೆ ಉಳಿದವರಿಗೆಲ್ಲ ಕುಡಿಸತೊಡಗಿದೆ. ಮೊದಮೊದಲು ಅವರು ಕುಡಿಯುವ ಚಂದ ನೋಡಿ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಯಜಮಾನರು ಕಣ್ಣು ಮುಚ್ಚಿ, ಔಷಧಿಯಂತೆ ಒಂದೇ ಗುಟುಕಿಗೆ ಸುರಿದುಕೊಂಡು, ಮೇಲೆ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹುಲಸೂರಿನಿಂದ ಬಂದ ಅವರ ಸೋದರಮಾವ ಅದರಲ್ಲಿ ಒಣಗಿ ಗರಿಗರಿಯಾದ ಕಟಕ್ ರೊಟ್ಟಿ ಮುರಿದು ಹಾಕಿ, ನೆನೆಸಿ, ಚಮಚೆಯಿಂದ ತಿಂದರು. ತಿಂದದ್ದಲ್ಲದೆ ಇನ್ನೊಂದು ರೊಟ್ಟಿ ಕೇಳಿದರು! ಖಾಲಾ ಮಾತ್ರ ನನ್ನ ಕಣ್ಣು ತೆರೆಸಿದರು. ಕಪ್ಪಿನಿಂದ ಬಶಿಗೆ ತುಂಬ ಸುರಿದು, ಆ ಬಶಿಯನ್ನು ಐದು ಬೆರಳ ತುದಿಯ ಮೇಲೆ ಎತ್ತಿ, ಒಮ್ಮೆ ಮಾತ್ರ ಊದಿ, ಸುರ್ರೆಂದು ಎಳೆದರು. ಅರವತ್ತು ದಾಟಿದ ಹೆಂಗಸು, ಒಂದು ಹನಿ ಚೆಲ್ಲಲಿಲ್ಲ. ಅಬ್ಬಾ, ನಾನು ಬಾಯಿ ತೆರೆದುಕೊಂಡು ನೋಡಿದೆ. ಒಂದೇ ಫಿಲ್ಟರಿನ ಕಾಫಿ ಒಬ್ಬೊಬ್ಬರ ಬಾಯಿಗೆ ಒಂದೊಂದಾಗುತ್ತದೆ. ಸೊಕ್ಕಿನ ನಾನು ಮಾತ್ರ ನೋಟ್‌ಬುಕ್ಕು ತಿದ್ದುತ್ತ, ಅತ್ತ ನೋಡದೆಯೇ ಕುಡಿದು ಮುಗಿಸುತ್ತಿದ್ದೆ.

ಹೋದ ವರ್ಷ ಮಳೆಗಾಲ ಮುಗಿಯುವಾಗ ಅತ್ತೆಗೆ ಜ್ವರ ಬಂತು. ಒಂಬತ್ತು ದಿನಕ್ಕೆ ಜ್ವರ ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಎಪ್ಪತ್ತು ವರ್ಷ ಚಹಾ ಕುಡಿದ ಜೀವ, "ಕಹಿ ಹತ್ತತದ, ಬ್ಯಾಡ" ಎಂದು ಕಪ್ಪು ದೂಡಿತು. ಆಮೇಲೆ ರೊಟ್ಟಿ ಬೇಡವಾಯಿತು, ಅನ್ನ ಬೇಡವಾಯಿತು. ಡಾಕ್ಟರು ಎಲ್ಲಾ ತಪಾಸಣೆ ಮಾಡಿ, "ರೋಗ ಏನೂ ಇಲ್ಲರಿ, ಆದ್ರ ಹೊಟ್ಟಿಗಿ ಬೀಳಬೇಕು. ಅವರಿಗಿ ಏನು ಮನಸ್ಸಾಗತದ ಅದನ್ನ ಕೊಡ್ರಿ" ಎಂದರು. ಅವರಿಗೆ ಯಾವುದರ ಮೇಲೂ ಮನಸ್ಸಾಗಲಿಲ್ಲ. ಕೈಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಹದಿನಾರು ವರ್ಷ ದಿನಾ ಜಗಳ ತೆಗೆದ ಹೆಂಗಸು ಈಗ ತುತ್ತು ಬಾಯಿಗಿಟ್ಟು, ಒಂದು ಮಾತೂ ಆಡದೆ ತಾಟು ಸರಿಸುತ್ತಿದ್ದರು. ಬೈಯುವವರಿಲ್ಲದ ಮನೆ ಎಷ್ಟು ಭಣಗುಡುತ್ತದೆಂದು ನನಗೆ ಆಗ ತಿಳಿಯಿತು. ಕಾಫಿ ಮಾಡಿಕೊಳ್ಳುವ ಮನಸ್ಸೂ ಹೋಯಿತು. ಫಿಲ್ಟರ್ ಗೋಡೆಯ ಗೂಡಿನಲ್ಲಿ ಬೋರಲು ಬಿದ್ದಿತ್ತು.

ಅಷ್ಟೂ ದಿನ ಬಿಲ್ಕೀಸ್ ಖಾಲಾ ನಿರ್ಣಾದಲ್ಲಿ ಮಗಳ ಮನೆಯಲ್ಲಿದ್ದರು. ಬಂದ ಮರುದಿನ ಬೆಳಿಗ್ಗೆಯೇ ನಮ್ಮ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಅದೇ ಗಂಜಿಯ ಬಟ್ಟಲು. "ಸುನಂದಾ, ನಿಮ್ಮ ಮನಿ ಕಾಫಿ ವಾಸನಿ ಬರಲೇ ಇಲ್ಲವಲ್ಲ. ಯಾರಿಗಿ ಆರಾಮಿಲ್ಲ?"

ನನಗೆ ನಗು ಬಂತು, ಹಿಂದೆಯೇ ಅಳು ಬಂತು. ಖಾಲಾ ಒಳಗೆ ಬಂದು, ಅತ್ತೆಯ ಮಂಚದ ಮೇಲೆ ಕೂತು, ಅವರ ಕೈ ಹಿಡಿದು ನೋಡಿ, ನನ್ನ ಕಡೆ ತಿರುಗಿ ಗದರಿದರು. "ಇಲ್ಲಿ ನಿಂತು ಏನ್ ಅಳತಿ? ಹೋಗು, ನಿನ್ನ ಕಾಫಿ ಹಾಕು. ಮನಿ ಅಂದಮ್ಯಾಲ ಮನಿ ವಾಸನಿ ಬರಬೇಕು."

ಹಾಕಿದೆ. ತೊಟ್ಟು ತೊಟ್ಟಾಗಿ ಇಳಿಯಿತು. ಹಾಲು ಕಾಯಿತು. ಎರಡೂ ಕೂಡಿದ ಕೂಡಲೇ ವಾಸನೆ ಪಡಸಾಲೆಗೆ ನಡೆಯಿತು. ಮಂಚದಿಂದ ಸಣ್ಣ ದನಿ ಬಂತು, "ಅದು... ನಿನ್ನ ಸುಟ್ಟ ನೀರೇನು?"

"ಹೌದ್ರಿ ಅತ್ತಿ."

"ಜರಾ ತಾ, ನೋಡೋಣು."

ಕಪ್ಪಿಗೆ ಸುರಿದು ತಂದೆ. ಖಾಲಾ ಕಪ್ಪು ಇಸಿದುಕೊಂಡು ಬಶಿಗೆ ಸುರಿದು ಕೊಟ್ಟರು. ಅತ್ತೆ ತಕ್ಷಣ ಕುಡಿಯಲಿಲ್ಲ. ಬಶಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಖದ ಕೆಳಗೆ ತಂದು, ಆ ಹಬೆಯನ್ನು ಕಣ್ಣು ಮುಚ್ಚಿ ಕೆನ್ನೆಗೆಲ್ಲ ತಾಗಿಸಿಕೊಂಡರು. ಮೊದಲ ಗುಟುಕು ಸಪ್ಪಳವಿಲ್ಲದೆ ಹೋಯಿತು. ಎರಡನೆಯದು ಉದ್ದಕ್ಕೆ, ಸುರ್ರೆಂದು. ಆಮೇಲೆ ಅವರು ನಮ್ಮಿಬ್ಬರನ್ನೂ ಮರೆತರು. ಬಶಿ ಖಾಲಿಯಾದ ಮೇಲೆ ತಳದ ಹನಿಯನ್ನು ಬೆರಳಿಂದ ಒರೆಸಿ ಬಾಯಿಗಿಟ್ಟುಕೊಂಡರು. ಇಷ್ಟು ವರ್ಷ ನಾನು ಕಾಫಿ ಕುಡಿದಿದ್ದೇನೆ ನಿಜ, ಆದರೆ ಕಾಫಿ ಕುಡಿಯುವುದೆಂದರೆ ಏನೆಂದು ನೋಡಿದ್ದು ಅವತ್ತೇ. ಕೈಮುಗಿಯಬೇಕು ಅನ್ನಿಸಿತು. 'ಛಲೋ ಅದ' ಎನ್ನುತ್ತಾರೆಂದು ಕಾದೆ. ಅತ್ತೆ ಬಶಿ ಕೆಳಗಿಟ್ಟು, ನನ್ನನ್ನು ಕೆಕ್ಕರಿಸಿ ನೋಡಿ ಅಂದರು, "ನಿನ್ನಿ ಪಲ್ಯಾದಾಗ ಉಪ್ಪೇ ಇರಲಿಲ್ಲ. ಇವತ್ತರ ನೆಟ್ಟಗ ಹಾಕು. ಒಂದು ರೊಟ್ಟಿ ಬಡಿ, ಹಸಿವಿ ಆಗ್ಯಾದ."

ಅಡುಗೆಮನೆಗೆ ಹೋಗಿ ಹಿಟ್ಟಿನ ಮುಂದೆ ಕೂತು ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಅಷ್ಟು ಸಿಹಿಯಾದ ಬೈಗಳು ನಾನು ಜನ್ಮದಲ್ಲಿ ತಿಂದಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನೇ ಗೆದ್ದೆ ಎನ್ನುತ್ತಿದ್ದೆ. ಆದರೆ ನನ್ನ ಫಿಲ್ಟರಿಗೆ ಇಳಿಯುವುದು ಎರಡೇ ಕಪ್ಪು. ಈಗ ಬೆಳಿಗ್ಗೆ ಐದಕ್ಕೆ ಅತ್ತೆಯೇ ಎದ್ದು ಅದನ್ನು ಹಾಕುತ್ತಾರೆ, ಹಾಲಿಗೆ ಶುಂಠಿ ಜಜ್ಜಿ! ನಾನು ಬಾಯಿ ಬಿಡುವಂತಿಲ್ಲ. ಸರಿಯಾದ ಹೊತ್ತಿಗೆ ಖಾಲಾ ಬರುತ್ತಾರೆ. ಎರಡು ಕಪ್ಪು, ಎರಡು ಬಶಿ, ಎರಡು ಸುರ್ರು. ನಾನು ಆಸೆಯಿಂದ ಹತ್ತಿರ ಸುಳಿದರೆ, "ನಿನಗ ಬಸ್ಸಿಗಿ ತಡಾ ಆಗತದ ನೋಡು" ಎನ್ನುತ್ತಾರೆ. ಕಲಬುರಗಿಯಿಂದ ದೊಡ್ಡ ಫಿಲ್ಟರ್ ತಂದುಕೊಟ್ಟೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಆ ರುಚಿ ಬರಂಗಿಲ್ಲ" ಎಂದು ಶೇಂಗಾ ಚಟ್ನಿ ತುಂಬಿಟ್ಟರು.

ಹೀಗಾಗಿ ಮೊನ್ನೆ ಶಾಲೆಯ ಸ್ಟಾಫ್‌ರೂಮಿನಲ್ಲಿ, ಎಲ್ಲರ ಜೊತೆ ಕೂತು, ಚಹಾವನ್ನು ಬಶಿಗೆ ಸುರಿದುಕೊಂಡು ಊದುತ್ತಿದ್ದೆ. ಹಿಂದಿ ಕಲಿಸುವ ಮೇಡಂ ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದರು. "ಏನ್ರಿ ಸುನಂದಾ ಮೇಡಂ, ನೀವು ಚಾ ಕುಡಿಯಾಕತ್ತೀರಿ! ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?"

"ಎಲ್ಲಾರೂ ಆರಾಮ ಅದಾರರಿ," ಅಂದೆ. "ಅದಕ್ಕ ನನಗ ಕಾಫಿ ಸಿಗವಲ್ದು."